ಮಾರ್ಫಿಯ ಕುರ್ಚಿಯ ಹಿಂದೆ

1858, ಪ್ಯಾರಿಸ್. ವೇದಿಕೆಯ ಮೇಲೆ ಒಪೆರಾ ನಡೆದಿದೆ. ಈ ಬಾಕ್ಸಿನಲ್ಲಿ ಮಾತ್ರ ಚದುರಂಗದ ಮಣೆ. ಬ್ರನ್ಸ್‌ವಿಕ್‌ನ ಡ್ಯೂಕ್ ಕಾರ್ಲ್, ಕೌಂಟ್ ಇಸುವಾರ್ ಇಬ್ಬರೂ ಸಮಾಲೋಚಿಸುತ್ತ ಕಪ್ಪು ಕಾಯಿ ಆಡುತ್ತಿದ್ದಾರೆ. ಎದುರಿಗೆ ನ್ಯೂ ಆರ್ಲಿಯನ್ಸ್‌ನ 21ರ ಹುಡುಗ ಪಾಲ್ ಮಾರ್ಫಿ. ಅವನ ಕುರ್ಚಿಯ ಹಿಂದೆ ನೀವು. ಆಟ ಕಲಿತದ್ದು ಈಚೆಗೆ. ಅವನು ಕೈ ಎತ್ತುವ ಮೊದಲೇ ನಿಮ್ಮ ನಡೆಯನ್ನು ಮನಸ್ಸಿನಲ್ಲಿ ಆಡಿಬಿಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಕಪ್ಪಿನ ಒಂಟೆ ಆತುರದಿಂದ ಹೊರಟು, ಕುದುರೆಯನ್ನು ಹೊಡೆದು ತಾನೂ ಸತ್ತಿದೆ. ಏಳನೆಯ ನಡೆಗೆ ಮಾರ್ಫಿಯ ರಾಣಿ ಬಿ3ಕ್ಕೆ. ಕಪ್ಪು ರಾಣಿ ಇ7ಕ್ಕೆ ಬಂದು ಎಫ್7 ಕಾಯುತ್ತದೆ. ಬಿ7ರ ಕಾಲಾಳು ಬಿಟ್ಟಿ ಸಿಕ್ಕಿತು. ನಿಮ್ಮ ಕೈ ಅತ್ತಲೇ ಹೋಗುತ್ತದೆ. ಹೋದರೆ ತಪ್ಪೇನಿಲ್ಲ: ಕಪ್ಪು ಬಿ4ರಿಂದ ಚೆಕ್ ಕೊಟ್ಟು ರಾಣಿಗೆ ರಾಣಿ ಹೋದರೂ ಕಾಲಾಳಿನ ಲಾಭ ನಿಮ್ಮದೇ. ಮಾರ್ಫಿ ಅತ್ತ ಕೈ ಹಾಕುವುದಿಲ್ಲ. ಇನ್ನೂ ಮನೆಯಲ್ಲಿದ್ದ ಕುದುರೆಯನ್ನು ಸಿ3ಕ್ಕೆ ತರುತ್ತಾನೆ. ಮರುನಡೆಗೆ ಒಂಟೆ ಜಿ5ಕ್ಕೆ.

ಈಗ ಎಣಿಸಿ. ಬಿಳಿಯಲ್ಲಿ ರಾಣಿ, ಎರಡು ಒಂಟೆ, ಒಂದು ಕುದುರೆ ಹೊರಬಂದಿವೆ. ಕಪ್ಪಿನಲ್ಲಿ ರಾಣಿ, ಒಂದು ಕುದುರೆ. ಆ ರಾಣಿಯೂ ತನ್ನದೇ ಒಂಟೆಯ ದಾರಿಗೆ ಅಡ್ಡ. ಹೊಡೆದ ಕಾಯಿಗಳನ್ನು ಎಲ್ಲರೂ ಎಣಿಸುತ್ತಾರೆ. ಕೆಲಸಕ್ಕೆ ಇಳಿದ ಕಾಯಿಗಳನ್ನು ಎಣಿಸತೊಡಗಿದ ದಿನದಿಂದ ಆಟ ಸುಧಾರಿಸುತ್ತದೆ.

ಕಪ್ಪು ಬಿ5ಕ್ಕೆ ಕಾಲಾಳು ತಳ್ಳಿ ಸಿ4ರ ಒಂಟೆಯನ್ನು ಓಡಿಸಲು ನೋಡುತ್ತದೆ. ಮಾರ್ಫಿ ಕುದುರೆಯಿಂದಲೇ ಆ ಕಾಲಾಳನ್ನು ಹೊಡೆಯುತ್ತಾನೆ. ಕುದುರೆ ಹೋಯಿತು, ಒಂಟೆಯಿಂದ ಚೆಕ್. ಆಮೇಲೆ ಉದ್ದ ಕ್ಯಾಸ್ಲಿಂಗ್: ಒಂದೇ ನಡೆಗೆ ರಾಜ ಭದ್ರ, ಆನೆ ಡಿ ಸಾಲಿಗೆ. ಆ ಆನೆ ಡಿ7ರಲ್ಲಿ ಬಲಿಯಾಗುತ್ತದೆ. ಇಲ್ಲಿ ಕಣ್ಣಿಟ್ಟು ನೋಡಿ, ಮೂಲೆಯ ಎರಡನೆಯ ಆನೆ ಅದೇ ಡಿ1ಕ್ಕೆ ಬಂದು ನಿಂತಿತು. ಬಲಿಗಳನ್ನೆಲ್ಲ ಮೀರಿ ನನಗೆ ಪ್ರಿಯವಾದದ್ದು ಈ ಸಾದಾ ನಡೆ. ಬಿಳಿಯ ಪಡೆಯಲ್ಲಿ ಈಗ ಸುಮ್ಮನೆ ಕೂತ ಕಾಯಿ ಒಂದೂ ಇಲ್ಲ.

ಒಂಟೆ ಡಿ7ರಲ್ಲಿ ಹೊಡೆದು ಚೆಕ್ ಕೊಡುತ್ತದೆ; ಕಪ್ಪಿನ ಕುದುರೆ ಅದನ್ನು ಹೊಡೆದು ಡಿ7ಕ್ಕೆ ಬರುತ್ತದೆ. 16ನೆಯ ನಡೆ. ರಾಣಿ ಬಿ8ಕ್ಕೆ, ಚೆಕ್! ಕುದುರೆ ಹೊಡೆಯಲೇಬೇಕು, ಬೇರೆ ನಡೆಯಿಲ್ಲ; ಅದು ಸರಿದದ್ದೇ ಡಿ ಸಾಲು ತೆರೆಯಿತು. ಆನೆ ಡಿ8ಕ್ಕೆ. ಚೆಕ್‌ಮೇಟ್.

ಬಿಳಿಗೆ ಕಾಲಾಳುಗಳಲ್ಲದೆ ಉಳಿದದ್ದು ಒಂದು ಆನೆ, ಒಂದು ಒಂಟೆ. ಕಪ್ಪಿನ ರಾಣಿ ಇನ್ನೂ ಮಣೆಯ ಮೇಲೆಯೇ ಇದೆ. ಎಫ್8ರ ಒಂಟೆ, ಎಚ್8ರ ಆನೆ ಆಟವಿಡೀ ಕದಲಲೇ ಇಲ್ಲ. ಕಾಯಿ ಮತ್ತೆ ಜೋಡಿಸಿ. ಈ ಸಲ ಡ್ಯೂಕ್‌ನ ಪಕ್ಕ ನಿಂತು, ಮೂರನೆಯ ನಡೆಯಲ್ಲಿ ಆತುರದಿಂದ ಹೊರಟ ಆ ಒಂಟೆಯ ಬದಲು ಏನು ಆಡುತ್ತೀರೋ ಹುಡುಕಿ.