ಹಂಡೆಯ ನೀರು ಕಾಯುವವರೆಗೆ

ಕಟ್ಟಿಗೆ ಹಸಿ ಇದೆ, ಉರಿ ಹಿಡಿಯೋಕೆ ಹೊತ್ತು ಬೇಕು. ಅಲ್ಲಿಯವರೆಗೆ ಹಲಸಿನ ಬೇಳೆ ಸುಟ್ಟು ತಿನ್ನಿ. ಮಗಾ, ಆ ಮೊಬೈಲು ಒಲೆಯಿಂದ ದೂರ ಇಟ್ಕೋ. ಎಂತದು, ಹಡಗಾ? ಮುಂಬಯಿಯಿಂದ ಲಕ್ಷದ್ವೀಪಕ್ಕಾ? ಮನೆಮಂದಿಯೆಲ್ಲ ಹೋಗಿ ಬನ್ನಿ, ನನ್ನನ್ನು ಮಾತ್ರ ಕೇಳಬೇಡಿ. ಹಡಗಿನ ಋಣ ನನಗೆ 2019ರಲ್ಲೇ ತೀರಿದೆ.

ಆ ಸಲ ಅಮೆರಿಕಕ್ಕೆ ಹೊರಡುವ ಮೊದಲೇ ಮಗಳು ಫೋನಿನಲ್ಲಿ, “ಅಪ್ಪಯ್ಯ, ಕೆನಡಾ ವೀಸಾನೂ ಮಾಡಿಸ್ಕೊಂಡು ಬನ್ನಿ, ಸಿಯಾಟಲ್‌ನಿಂದ ಪಕ್ಕದಲ್ಲೇ ಇದೆ” ಅಂದಳು. ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಹೋಗಿಬಂದೆವು. ಯಾಕೆ ಅಂತ ನಾನು ಕೇಳಲಿಲ್ಲ. ನಿಮ್ಮಜ್ಜಿಗೆ ಗೊತ್ತಿತ್ತು, ಬಾಯಿಬಿಡಲಿಲ್ಲ. ಅಲ್ಲಿಗೆ ಹೋಗಿ ಹತ್ತು ದಿನ ಆದಮೇಲೆ, ಊಟಕ್ಕೆ ಕೂತಾಗ ಗುಟ್ಟು ರಟ್ಟಾಯಿತು: ಏಳು ದಿನ ಹಡಗಿನಲ್ಲಿ, ಅಲಾಸ್ಕಾಕ್ಕೆ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಮೈಸೂರಿಂದ ಬಂದಿದ್ದ ಬೀಗರು, ಬೀಗಿತ್ತಿ, ನಾವು.

“ನಾನು ಬರೋದಿಲ್ಲ” ಅಂದೆ.

“ಬೀಗರು ಆಗಲೇ ಟೋಪಿ ಕೊಂಡಿದಾರೆ” ಅಂದಳು ನಿಮ್ಮಜ್ಜಿ. ಅಲ್ಲಿಗೆ ಮಾತು ಮುಗಿಯಿತು. ಬೀಗರು ಟೋಪಿ ಹಾಕ್ಕೊಂಡು ಹಡಗು ಹತ್ತುವಾಗ ನಾನು ಮನೇಲಿ ಕೂತರೆ ಮಗಳ ಮರ್ಯಾದೆ ಏನಾಗಬೇಕು?

ನಮಗೂ ನೀರಿಗೂ ಹಳೇ ತಕರಾರು, ಅದನ್ನ ಆಮೇಲೆ ಹೇಳ್ತೇನೆ. ಅಲ್ಲಿಯವರೆಗಿನ ಅರವತ್ತನಾಲ್ಕು ವರ್ಷದಲ್ಲಿ ನಾನು ಹತ್ತಿದ್ದ ನೀರಿನ ವಾಹನ ಅಂದ್ರೆ, ಬಸ್ಸನ್ನೂ ಹೊತ್ತು ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಒಂದೇ. ಅದರಲ್ಲೂ ಬಸ್ಸಿನಿಂದ ಇಳೀತಿರಲಿಲ್ಲ, ಕಣ್ಣುಮುಚ್ಚಿ ಕೂತಿರುತ್ತಿದ್ದೆ.

ಸಿಯಾಟಲ್ ಬಂದರಿನಲ್ಲಿ ಆ ಹಡಗು ನೋಡಿದಾಗ ಹಡಗು ಅನ್ನಿಸಲೇ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟೊಂದನ್ನು ಬುಡಸಮೇತ ಕಿತ್ತು ನೀರಲ್ಲಿ ಇಟ್ಟ ಹಾಗಿತ್ತು. ಮೂರು ಸಾವಿರಕ್ಕೂ ಮೇಲೆ ಜನ, ಅವರ ಚಾಕರಿಗೆ ಸಾವಿರಕ್ಕೂ ಮೇಲೆ ಸಿಬ್ಬಂದಿ. ನಮಗೆ ಸಿಕ್ಕಿದ್ದು ಒಳಗಿನ ಕ್ಯಾಬಿನ್, ಕಿಟಕಿಯಿಲ್ಲದ್ದು. ದೀಪ ಆರಿಸಿದರೆ ಪತ್ತಾಯದೊಳಗೆ ಮಲಗಿದ ಹಾಗೆ, ಹಗಲೋ ರಾತ್ರಿಯೋ ತಿಳಿಯದು. ನಿಮ್ಮಜ್ಜಿ ಮೊದಲು ಮಾಡಿದ ಕೆಲಸ, ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ಕಪಾಟಿನ ಮೂಲೆಗೆ ಭದ್ರಮಾಡಿದ್ದು. ಹಡಗು ಮುಳುಗಿದರೂ ಆ ಬಾಟಲಿ ಒಡೀತಿರಲಿಲ್ಲ.

ಹೊರಡುವ ಮೊದಲು ಎಲ್ಲರನ್ನೂ ಒಂದೊಂದು ಕಡೆ ಸೇರಿಸಿ, ಅಪಾಯ ಬಂದರೆ ಏನು ಮಾಡಬೇಕು ಅಂತ ಹೇಳಿಕೊಡ್ತಾರೆ. ಏಳು ಸಲ ಗಿಡ್ಡ ಕೂಗು, ಎಂಟನೆಯದು ಉದ್ದ. ಅದು ಕೇಳಿಸಿದರೆ ನಿಮ್ಮ ನಿಮ್ಮ ಜಾಗಕ್ಕೆ ಬರಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದವರಲ್ಲಿ ಅರ್ಧದಷ್ಟು ಜನಕ್ಕೆ ಮಾತ್ರ ಸಾಲುವಷ್ಟು ದೋಣಿಗಳಿದ್ದವು. 1914ರಲ್ಲಿ ದೇಶದೇಶಗಳು ಕೂತು ಒಪ್ಪಂದ ಮಾಡಿಕೊಂಡು, ಎಲ್ಲರಿಗೂ ಜಾಗ ಇರಲೇಬೇಕು ಅಂತ ನಿಯಮ ತಂದವು. ಸುತ್ತಲೂ ಜನ ಆಕಳಿಸ್ತಿದ್ದರು, ಸೆಲ್ಫಿ ತೆಗೀತಿದ್ದರು. ನಾನೊಬ್ಬ ಲೈಫ್ ಜಾಕೆಟ್ಟಿನ ಪಟ್ಟಿ ಎಲ್ಲಿ ಬಿಗೀಬೇಕು ಅಂತ ಎರಡು ಸಲ ಕೇಳಿ ತಿಳಕೊಂಡೆ. ಇಡೀ ಪ್ರವಾಸದಲ್ಲಿ ನನಗೆ ಪೂರ್ತಿ ಹಿಡಿಸಿದ ಕಾರ್ಯಕ್ರಮ ಅಂದ್ರೆ ಅದೇ.

ಎರಡನೇ ದಿನ ಇಡೀ ಸಮುದ್ರ. ವ್ಯಾಂಕೂವರ್ ದ್ವೀಪದ ಹೊರಮಗ್ಗುಲಿನಲ್ಲಿ, ತೆರೆದ ಪೆಸಿಫಿಕ್‌ನಲ್ಲಿ ಹೋಗಬೇಕು. ಹಡಗು ಜೋರಾಗಿ ಹೊಯ್ದಾಡಲಿಲ್ಲ. ತೊಟ್ಟಿಲು ತೂಗುವ ಹಾಗೆ ಮೆತ್ತಗೆ ಈಕಡೆ ಆಕಡೆ. ಅದೇ ನನ್ನ ಹೊಟ್ಟೆಗೆ ಆಗಿಬರಲಿಲ್ಲ. ಕಣ್ಣಿಗೆ ಗೋಡೆ ನಿಂತಿದೆ ಅನ್ನಿಸುತ್ತೆ, ಕಿವಿಯೊಳಗಿನ ತೂಕ ನೆಲ ಅಲ್ಲಾಡ್ತಿದೆ ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೇಳೋದೇ ಬೇಡ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಡೆಕ್ಕಿಗೆ ಹೋದೆ. ಜೂನ್ ತಿಂಗಳಲ್ಲಿ ಆ ಕಡೆ ಆಗಲೇ ಬೆಳಕು. ರೇಲಿಂಗಿಗೆ ಹತ್ತಿದ ಉಪ್ಪು ತೊಳೀತಿದ್ದ ಫಿಲಿಪ್ಪೀನ್ಸಿನ ಹುಡುಗನೊಬ್ಬ ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗಿ ಒಂದು ಹಸಿರು ಸೇಬು ತಂದುಕೊಟ್ಟ. ದೂರದಲ್ಲಿ ಆಕಾಶ ನೀರು ಸೇರುವ ಗೆರೆ ತೋರಿಸಿ, ಅದನ್ನೇ ನೋಡ್ತಾ ತಿನ್ನಿ ಅಂತ ಸನ್ನೆ ಮಾಡಿದ. ತಿಂದೆ, ಹೊಟ್ಟೆ ಕೂತಿತು. ಅವನಿಗೆ ಅಲ್ಲಿ ಒಂದೇ ಬಿಗಿಗೆ ಎಂಟು ಒಂಬತ್ತು ತಿಂಗಳ ದುಡಿಮೆಯಂತೆ, ಆಮೇಲೆ ಎರಡು ತಿಂಗಳು ಮನೆ. ಮನೇಲಿ ಎರಡು ವರ್ಷದ ಮಗು. ಲೆಕ್ಕ ನಾನೇ ಹಾಕಿಕೊಂಡೆ, ಅವನು ಹೇಳಲಿಲ್ಲ.

ಬೀಗರ ಕತೆ ಬೇರೆ. ನಿವೃತ್ತ ಬ್ಯಾಂಕಿನವರು, ದುಡ್ಡು ಕೊಟ್ಟಮೇಲೆ ಒಂದನ್ನೂ ಬಿಡಬಾರದು ಅನ್ನೋರು. ಬೆಳಗ್ಗೆ ಯೋಗ, ಆಮೇಲೆ ಕರವಸ್ತ್ರ ಮಡಚುವ ತರಗತಿ, ಮಧ್ಯಾಹ್ನ ಬಿಂಗೊ, ಸಂಜೆ ಜಾದೂ. ಮನೆಮಂದಿಯ ಕ್ವಿಜ್‌ನಲ್ಲಿ ಒಂದು ಟೀಷರ್ಟ್ ಗೆದ್ದು ಮೂರು ದಿನ ಅದನ್ನೇ ಹಾಕಿದರು. ಮೊಮ್ಮಗ ಮಕ್ಕಳ ಕ್ಲಬ್ಬಿಗೆ ಹೋದವನು ಊಟಕ್ಕೂ ಬರ್ತಿರಲಿಲ್ಲ. ರಾತ್ರಿ ಕೋಣೆಗೆ ಬಂದರೆ ಟವೆಲ್ಲಿನಲ್ಲಿ ಮಾಡಿದ ಆನೆ, ಮಂಗ ಕೂತಿರುತ್ತಿದ್ದವು. ನಿಮ್ಮಜ್ಜಿ ಆನೆಯ ಸೊಂಡಿಲು ಬಿಚ್ಚಲು ಮನಸ್ಸು ಬಾರದೆ ಪಂಚೆಯ ತುದಿಯಲ್ಲೇ ಮುಖ ಒರೆಸಿಕೊಂಡಳು. ನನ್ನ ಪಂಚೆಯ ತುದಿ, ಅದನ್ನೂ ಹೇಳಬೇಕು.

ಊಟದ ಬಗ್ಗೆ ಹೇಳೋದಾದ್ರೆ ಇಪ್ಪತ್ತು ಥರ ಬ್ರೆಡ್ಡು, ಬೆಟ್ಟದಷ್ಟು ಹಣ್ಣು, ಕಣ್ಣುಹಾಯಿಸಿದಷ್ಟೂ ಕೇಕು. ಮೊದಲ ದಿನ ಮೊಸರು ಸಿಹಿ, ಎರಡನೇ ದಿನವೂ ಸಿಹಿ. ಮೂರನೇ ದಿನ ಅಳಿಯ ಊಟದ ಮೇಲ್ವಿಚಾರಕನಿಗೆ ಹೇಳಿದ. ಮರುದಿನ ರಾತ್ರಿಯಿಂದ ನಮ್ಮ ಮೇಜಿಗೆ ಅನ್ನ, ದಾಲು, ಒಂದು ಪಲ್ಯ, ಸಪ್ಪೆ ಮೊಸರು. ಅಪ್ಪೆಮಿಡಿ ಬಾಟಲಿ ಹೊರಬಂತು. ಪಕ್ಕದ ಮೇಜಿನ ಟೆಕ್ಸಾಸ್ ದಂಪತಿ ರುಚಿ ನೋಡ್ತೇವೆ ಅಂದರು. ಗಂಡ ಮಿಡಿಯನ್ನು ಇಡಿಯಾಗಿ ಬಾಯಿಗೆ ಹಾಕ್ಕೊಂಡ. ಆಮೇಲೆ ಹಡಗು ಇಳಿಯುವವರೆಗೂ ಅವನು ನನಗೆ ಕೈಯೆತ್ತಿ ನಮಸ್ಕಾರ ಮಾಡ್ತಿದ್ದ.

ಜೂನೋ ಅಂತ ಒಂದು ಊರು. ಅಲಾಸ್ಕಾ ರಾಜ್ಯದ ರಾಜಧಾನಿ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ! ಹಡಗಿನಲ್ಲಿ ಬರಬೇಕು, ಇಲ್ಲ ವಿಮಾನದಲ್ಲಿ. ಕೇಳಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಹಿನ್ನೀರಿನಾಚೆಯ ತುಮರಿಯವರು ಸೇತುವೆ ಸೇತುವೆ ಅಂತ ಅರ್ಧ ಶತಮಾನಕ್ಕೂ ಮೇಲೆ ಬೇಡಿಕೊಂಡು, ಅದು 2025ರ ಜುಲೈನಲ್ಲಿ ಕಣ್ಣಿಗೆ ಬಿತ್ತು. ಅಲ್ಲಿ ನೋಡಿದರೆ ವಿಧಾನಸಭೆಗೇ ಲಾಂಚಿನಲ್ಲಿ ಹೋಗಬೇಕು. “ನಮ್ಮೂರಿನವರಿಗೆ ಹೇಳಿದ್ರೆ ನಂಬಲ್ಲ ಕಣೇ” ಅಂದೆ. “ಹೇಳೋಕೆ ಹೋಗ್ಬೇಡಿ, ಸೇತುವೆ ಕೊಡೋರು ಅದನ್ನೇ ನೆಪ ಮಾಡ್ತಾರೆ” ಅಂದಳು. ಆಗ ಸೇತುವೆ ಇನ್ನೂ ಆಗಿರಲಿಲ್ಲ.

ಸ್ಕ್ಯಾಗ್‌ವೇಯಲ್ಲಿ ಮಕ್ಕಳಾಟಿಕೆಯಷ್ಟು ಸಣ್ಣ ರೈಲು, ಹಳಿಯ ಅಗಲ ಮೂರೇ ಅಡಿ. ಚಿನ್ನ ಹುಡುಕಲು ಬಂದವರಿಗಾಗಿ 1898ರಲ್ಲಿ ಶುರುಮಾಡಿ 1900ಕ್ಕೆ ಮುಗಿಸಿದ್ದಂತೆ. ಬೀಗರು ಕಿಟಕಿ ಬಿಡಲಿಲ್ಲ, ಹಾಗಾಗಿ ಹೆಚ್ಚು ಹೇಳಲು ನನ್ನಲ್ಲಿಲ್ಲ.

ಈಗ ಆ ತಕರಾರಿನ ವಿಷಯ.

ಮರುದಿನ ಬೆಳಗ್ಗೆ ಗ್ಲೇಸಿಯರ್ ಬೇ. ಹಿಮನದಿಗಳು ನೇರ ಸಮುದ್ರಕ್ಕೇ ಬಂದು ಮುಗಿಯುವ ಜಾಗ, ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗಿಗೆ ಅಪ್ಪಣೆ. ಒಂದು ಚಿಕ್ಕ ದೋಣಿ ನಮ್ಮ ಹಡಗಿನ ಪಕ್ಕಕ್ಕೇ ಬಂತು. ಹಡಗು ಚಲಿಸ್ತಿದ್ದಂಗೇ ಉದ್ಯಾನದ ರೇಂಜರುಗಳು ಏಣಿ ಹತ್ತಿ ಮೇಲೆ ಬಂದರು. ಮಕ್ಕಳಿಗೆ ಒಂದೊಂದು ಪುಸ್ತಕ ಕೊಟ್ಟರು, ತುಂಬಿಸಿದವರಿಗೆ ಬಿಲ್ಲೆ. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಅವಳು ಕ್ಲಬ್ಬು ಬಿಟ್ಟು ನನ್ನ ಜೊತೆ ಕೂತಳು.

ರೇಂಜರುಗಳ ಜೊತೆ ಆ ಸೀಮೆಯ ಮೂಲದವರಾದ ಹೂನಾ ಟ್ಲಿಂಗಿಟ್ ಜನಾಂಗದ ಒಬ್ಬ ಹೆಂಗಸೂ ಬಂದಿದ್ದರು. ನಿಮ್ಮಜ್ಜಿಯ ವಯಸ್ಸು. ಅವರು ಮೈಕು ಹಿಡಿದು ಹೇಳಿದ್ದನ್ನ ಮೊಮ್ಮಗಳು ನನಗೆ ಬಿಡಿಸಿ ಹೇಳಿದಳು. ಈಗ ಹಡಗು ತೇಲ್ತಿರೋ ಈ ಜಾಗದಲ್ಲಿ ಹಿಂದೆ ಸಮುದ್ರ ಇರಲಿಲ್ಲ. ಹುಲ್ಲು, ಹೊಳೆ, ಹೊಳೆತುಂಬ ಸಾಲ್ಮನ್ ಮೀನು, ನಮ್ಮವರ ಮನೆಗಳು. ಹದಿನೆಂಟನೇ ಶತಮಾನದ ನಡುವಿನಲ್ಲಿ ಹಿಮದ ಗೋಡೆ ಮುಂದೆ ಮುಂದೆ ಬಂತು. ಓಡುವ ನಾಯಿಯಷ್ಟು ವೇಗ ಅಂತ ನಮ್ಮ ಹಿರಿಯರು ಹೇಳ್ತಿದ್ದರು. ಎಲ್ಲರೂ ದೋಣಿಗೆ ಸಾಮಾನು ತುಂಬಿಕೊಂಡು ಹೊರಟರು, ಒಬ್ಬಳು ಮಾತ್ರ ಹೊರಡಲಿಲ್ಲ. ಆಮೇಲೆ ಹಿಮ ಹಿಂದಕ್ಕೆ ಸರೀತು. 1794ರಲ್ಲಿ ವ್ಯಾಂಕೂವರ್ ಅನ್ನೋ ಕಪ್ತಾನನ ಜನ ನೋಡಿದಾಗ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ. 1879ರಲ್ಲಿ ಜಾನ್ ಮ್ಯೂರ್ ಬಂದಾಗ ಅದು ಹತ್ತಾರು ಕಿಲೋಮೀಟರ್ ಒಳಗೆ ಹೋಗಿತ್ತು. ಈಗ ಬಾಯಿಂದ ಹಿಮದ ತನಕ ಸುಮಾರು 100 ಕಿಲೋಮೀಟರ್ ನೀರು. ನಮ್ಮ ಊರು ಮಾತ್ರ ವಾಪಸು ಬರಲಿಲ್ಲ.

ಈ ಹಂಡೆ ನೋಡಿ. ಇದು ಮುಳುಗಡೆ ಮನೆಯ ಹಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಅದರ ಹಿನ್ನೀರಿಗೆ ನಮ್ಮೂರು ಹೋದಾಗ ನನಗೂ ಒಂಬತ್ತೇ ವರ್ಷ. ಹೆಂಚು ಇಳಿಸಿದರು, ತೊಲೆ ಬಿಚ್ಚಿದರು, ಬಾಗಿಲು ಕಿತ್ತರು, ಲಾರಿಗೆ ಹೇರಿದರು. ತೋಟದಲ್ಲಿ ಅಡಿಕೆ ಗೊನೆ ಹಾಗೇ ಇತ್ತು. ನನ್ನಜ್ಜಿ ಬಚ್ಚಲಲ್ಲಿ ಒಲೆ ಹೊತ್ತಿಸಿ ಕೂತಳು. “ಎಲ್ಲರೂ ಒಂದು ಸಲ ಬಿಸಿನೀರು ಮಿಂದು ಹೊರಡಿ, ಹೋದಲ್ಲಿ ಬಚ್ಚಲು ಯಾವಾಗ ಆಗುತ್ತೋ” ಅಂದಳು. ಗೋಡೆಯಿಲ್ಲದ, ಮಾಡಿಲ್ಲದ ಮನೆಯಲ್ಲಿ ಹದಿನಾಲ್ಕು ಜನ ಸ್ನಾನ ಮಾಡಿದೆವು. ಡ್ರೈವರು ಹಾರ್ನ್ ಹೊಡೀತಿದ್ದ. ಹಂಡೆ ಕಡೆಗೆ ಲಾರಿ ಹತ್ತಿತು, ಇನ್ನೂ ಬಿಸಿ ಇತ್ತು. ಆಮೇಲೆ ನಮ್ಮ ಹೆಸರೇ ಬದಲಾಯಿತು. ಹೊಸ ಊರಿನಲ್ಲಿ ನಮ್ಮನ್ನು ಕರೀತಿದ್ದಿದ್ದು ಮುಳುಗಡೆಯವರು ಅಂತ.

ಇದನ್ನ ಆವತ್ತು ಡೆಕ್ಕಿನ ಮೇಲೆ ಮೊಮ್ಮಗಳಿಗೆ ಹೇಳಿದೆ. ನನ್ನ ಮಗಳಿಗೇ ಪೂರ್ತಿ ಹೇಳಿರಲಿಲ್ಲ.

ಅಷ್ಟರಲ್ಲಿ ಹಡಗು ಮಾರ್ಜರೀ ಅನ್ನೋ ಹಿಮನದಿಯ ಮುಂದೆ ನಿಂತಿತು. ನೀಲಿ ಗೋಡೆ, ನೀರಿನಿಂದ ಸುಮಾರು 250 ಅಡಿ ಎತ್ತರ. ಬೀಗರು “ಅಬ್ಬಬ್ಬಾ” ಅಂದರು. ನಾನು, “ಜೋಗದ ರಾಜಾ 830 ಅಡಿ ಬೀಳ್ತಾನೆ, ಇದು ಅದರ ಮೂರನೇ ಒಂದು ಪಾಲೂ ಇಲ್ಲ” ಅಂದೆ. ಹೇಳಿ ಮುಗಿಸಿರಲಿಲ್ಲ, ಗೋಡೆಯ ಒಂದು ಮಗ್ಗುಲು ಸದ್ದಿಲ್ಲದೆ ಜಾರಿ ಕುಸೀತು. ನೀರು ಎದ್ದು ನಿಂತಿತು. ಆಮೇಲೆ ಬಂತು ನೋಡಿ ಸದ್ದು, ಎದೆಗೂಡಿನೊಳಗೇ ಗುಡುಗಿದ ಹಾಗೆ. ಬಿಳಿ ಗುಡುಗು ಅನ್ನುತ್ತಾರಂತೆ ಅಲ್ಲಿಯವರು. ಮೂರು ಸಾವಿರ ಜನ ಒಟ್ಟಿಗೆ ಕೇಕೆ ಹಾಕಿದರು, ಚಪ್ಪಾಳೆ ತಟ್ಟಿದರು. ನಾನು ತಿರುಗಿ ಆ ಹೆಂಗಸನ್ನ ನೋಡಿದೆ. ಅವರು ಚಪ್ಪಾಳೆ ತಟ್ಟಿರಲಿಲ್ಲ.

ಆಮೇಲೆ ಹತ್ತಿರ ಹೋಗಿ ಮಾತಾಡಿಸಿದೆ. ನನ್ನ ಇಂಗ್ಲಿಷು ಎಷ್ಟಕ್ಕಷ್ಟೇ. “ನಮ್ಮೂರಿಗೆ ನೀರು, ನಿಮ್ಮೂರಿಗೆ ಹಿಮ” ಅನ್ನುವಷ್ಟು ಹೇಳಿದೆ. ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದರು. 2016ರಲ್ಲಿ ಕೊಲ್ಲಿಯ ಬಾಯಲ್ಲಿ ಅವರ ಜನಕ್ಕೆ ಒಂದು ದೊಡ್ಡ ಕುಲದ ಮನೆ ಕಟ್ಟಿಕೊಟ್ಟಿದಾರಂತೆ. ಅದರ ಪ್ರವೇಶದ ದಿನ ಎಲ್ಲರೂ ಹಿಂದಿನಂತೆ ದೋಣಿ ಹುಟ್ಟು ಹಾಕಿಕೊಂಡೇ ಬಂದರಂತೆ. “ನಿಮಗೂ ಕಟ್ಟಿದ್ದಾರಾ?” ಅಂತ ಕೇಳಿದರು. ನಾನು ಇಲ್ಲ ಅಂದೆ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಜಮೀನಿನ ಹಕ್ಕುಪತ್ರವೇ ಇನ್ನೂ ಸಿಕ್ಕಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳೋದು ಹೇಗೆ ಅಂತ ಗೊತ್ತಾಗಲಿಲ್ಲ.

ಆ ಕೆನಡಾ ವೀಸಾ? ಕೊನೆಯ ರಾತ್ರಿ ವಿಕ್ಟೋರಿಯಾದಲ್ಲಿ ನಾಲ್ಕು ಗಂಟೆ ನಿಲ್ಲಿಸಿದರು, ಅದಕ್ಕೆ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಬೇರೆ ದೇಶದ ಬಾವುಟದ ಹಡಗು ಅಲ್ಲಿನ ಬಂದರಿನಿಂದ ಜನರನ್ನ ಹತ್ತಿಸಿಕೊಂಡು ಅಲ್ಲೇ ತಂದಿಳಿಸಬೇಕಾದರೆ ನಡುವೆ ಪರದೇಶದ ಒಂದು ಬಂದರು ಮುಟ್ಟಬೇಕು. ನಮ್ಮ ಹಡಗಿನ ಹಿಂದೆ ಹಾರ್ತಿದ್ದಿದ್ದು ಬಹಾಮಾಸ್ ಬಾವುಟ. ಬೀಗರು ಇಳಿದು ಕತ್ತಲೆಯಲ್ಲೇ ಊರು ನೋಡಿ ಬಂದರು. ನಾನು ಇಳೀಲಿಲ್ಲ, ಮಲಗಿದ್ದೆ. ಆ ಪತ್ತಾಯದಲ್ಲಿ ಅಷ್ಟೊತ್ತಿಗೆ ಚೆನ್ನಾಗಿ ನಿದ್ದೆ ಬರ್ತಿತ್ತು.

ಇಳಿಯುವ ದಿನ ಮೊಮ್ಮಗಳು ಕೇಳಿದಳು, “ಅಜ್ಜ, ನಿಮ್ಮ ಊರು ಮೇಲೆ ಬರತ್ತಾ?” ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದಾಗ ಹಳೇ ಮಡೆನೂರು ಅಣೆಕಟ್ಟು ಕಾಣುತ್ತೆ, ಬಾ, ತೋರಿಸ್ತೀನಿ ಅಂದೆ. ಮರುವರ್ಷ ಕೊರೋನಾ. ಅವಳು ಬಂದಿದ್ದು 2022ರ ಡಿಸೆಂಬರಿನಲ್ಲಿ, ಅಲ್ಲಿನ ರಜೆಗೆ. ನೀರು ಇನ್ನೂ ತುಂಬಿತ್ತು. ಲಾಂಚಿನಲ್ಲಿ ಈ ಸಲ ಬಸ್ಸಿನಿಂದ ಇಳಿದು ಅವಳ ಪಕ್ಕ ಕಂಬಿ ಹಿಡಿದು ನಿಂತೆ. “ಎಲ್ಲಿ?” ಅಂದಳು. ಕೈಯೆತ್ತಿ ತೋರಿಸಿದೆ. ಅವಳು ಮೊಬೈಲಿನಲ್ಲಿ ಆ ದಿಕ್ಕಿನ ಫೋಟೊ ತೆಗೆದುಕೊಂಡಳು. ಅದೇ ದಿಕ್ಕು ಹೌದೋ ಅಲ್ಲವೋ, ನಿಜ ಹೇಳಬೇಕಂದ್ರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಹೂಂ, ನೀರು ಕಾದಿದೆ. ಚಿಕ್ಕವರು ಮೊದಲು ಹೋಗಿ.