ಬಾಳೆ ಎಲೆಯಡಿ ನೀನು ಬಚ್ಚಿಟ್ಟ ಹೋಳಿಗೆ

ಬ್ಯಾಡಗಿ
ಸೋಮವಾರ ರಾತ್ರಿ

ತಂಗೀ,

ಮೊದಲು ಊರ ಸುದ್ದಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಕ್ಕ ಪತ್ರ ಬರೆಯುವುದು ಬೈಯುವುದಕ್ಕೇ ಅಂದುಕೊಂಡು ಅರ್ಧಕ್ಕೇ ಮಡಚಿ ಇಟ್ಟುಬಿಡುತ್ತೀ. ಇವತ್ತು ಮಾರ್ಕೆಟ್ ದಿನ. ನಸುಕಿನಿಂದಲೇ ಮೆಣಸಿನಕಾಯಿ ಲಾರಿಗಳು ಸಾಲುಗಟ್ಟಿವೆ, ಊರಿಗೆ ಊರೇ ಸೀನುತ್ತಿದೆ. ನಿಮ್ಮ ಭಾವ ಮಧ್ಯಾಹ್ನ ಉಣ್ಣಲು ಬಂದು ಪಡಸಾಲೆಯಲ್ಲಿ ಅಂಗಿ ಜಾಡಿಸಿದರು, ಅಡುಗೆಮನೆಯಲ್ಲಿದ್ದ ನನಗೆ ಕೆಮ್ಮು ಹತ್ತಿತು. ಇಪ್ಪತ್ತೈದು ವರ್ಷದಿಂದ ಹೇಳುತ್ತಿದ್ದೇನೆ, ಅಂಗಿಯನ್ನು ಹೊರಗೆ ಜಾಡಿಸಿ ಅಂತ. ಕೇಳುವವರು ಯಾರು! ಈ ಸಲ ಡಬ್ಬಿ ಕಾಯಿ ಚೆನ್ನಾಗಿ ಬಂದಿದೆಯಂತೆ. ಗುಂಡಗೆ, ಕಡುಗೆಂಪು.

'ಡಬ್ಬಿ' ಅಂತ ಬರೆದ ಕೂಡಲೇ ಪೆನ್ನು ನಿಂತಿತು ನೋಡು. ಈ ಪತ್ರ ಬರೆಯಲು ಕೂತದ್ದೇ ಆ ಮಾತಿಗಾಗಿ.

ನಿನಗೆ ಆ ಹೆಸರು ಇಟ್ಟವಳು ನಾನೇ. ನೀನಾಗ ಆರನೇ ಇಯತ್ತೆ. ನಿನ್ನ ಒಡಹುಟ್ಟಿದ ಅಕ್ಕ ಉದ್ದಕ್ಕೆ ಬೆಳೆದಿದ್ದಳು, ಅವಳಿಗೆ 'ಕಡ್ಡಿ' ಅಂದೆ. ನಿನ್ನ ಕೆನ್ನೆ ಹಿಂಡಿ 'ಡಬ್ಬಿ' ಅಂದೆ. ಬ್ಯಾಡಗಿಯ ಮನೆಯಲ್ಲಿ ಮಕ್ಕಳಿಗೆ ಮೆಣಸಿನಕಾಯಿಯ ಹೆಸರಿಡುವುದೇನು ದೊಡ್ಡ ಜಾಣತನವಲ್ಲ, ಆದರೂ ಅವತ್ತು ಎಲ್ಲರೂ ಎಷ್ಟು ನಕ್ಕರು! ನೀನೂ ನಕ್ಕೆ. ಆಮೇಲೆ ಆ ಹೆಸರು ಹಬ್ಬಕ್ಕೆ ಬಂತು, ಮದುವೆಗೆ ಬಂತು, ನಿನ್ನ ಗೆಳತಿಯರ ಬಾಯಿಗೂ ಬಂತು. ನೀನು ನಗುವುದನ್ನು ಯಾವಾಗ ಬಿಟ್ಟೆ ಅಂತ ನನಗೆ ನೆನಪಿಲ್ಲ. ಬಹುಶಃ ನಾನು ನೋಡಲೇ ಇಲ್ಲ.

ಮೊನ್ನೆ ಮೋಟೆಬೆನ್ನೂರಿನ ಮದುವೆಯಲ್ಲಿ ನೋಡಿದೆ. ಪಂಕ್ತಿಯಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ. ನೀನು ಹೋಳಿಗೆಯನ್ನು ಚೂರು ಚೂರು ಮಾಡಿದೆ, ಹೂರಣವನ್ನು ಎಲೆಯ ತುಂಬ ಹರಡಿದೆ, ಅನ್ನವನ್ನು ಸಾರಿನಲ್ಲಿ ಕಲಸಿ ಕಲಸಿ ಒಂದು ಮೂಲೆಗೆ ಸರಿಸಿದೆ. ದೂರದಿಂದ ನೋಡಿದವರಿಗೆ ಚೆನ್ನಾಗಿ ಉಂಡ ಎಲೆ. ಬಡಿಸುವವರು ಎರಡನೇ ಸುತ್ತು ಬರುವಷ್ಟರಲ್ಲಿ ಒಂದು ಚೂರನ್ನು ಎಲೆಯ ಮಡಿಕೆಯಡಿ ತಳ್ಳಿದೆ. ಆಮೇಲೆ ಎಲ್ಲರಿಗಿಂತ ಮೊದಲು ಎದ್ದು ಕೈತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣಲ್ಲಿ ನೀರಿತ್ತು, ಕೆನ್ನೆ ಊದಿತ್ತು. "ಖಾರ ಹತ್ತಿತಕ್ಕಾ" ಅಂದಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಇದೇ ಊರಲ್ಲಿ ಹುಟ್ಟಿ ಬೆಳೆದವಳು ಸುಳ್ಳು ಹೇಳುವಾಗ ಇಷ್ಟನ್ನಾದರೂ ನೆನಪಿಡಬಾರದೇನೆ?

ನಿನ್ನ ಬಲಗೈ ಹಿಡಿದು ಮದರಂಗಿ ನೋಡುವ ನೆವ ಮಾಡಿದೆ. ಬೆರಳ ಗೆಣ್ಣುಗಳ ಮೇಲೆ ಒರಟಾದ ಗಾಯದ ಗುರುತು. ಅದು ಏನೆಂದು ನಾನು ಕೇಳಲಿಲ್ಲ. ಯಾಕೆಂದರೆ ಗೊತ್ತಿತ್ತು.

ಈಗ ಹೇಳುವುದನ್ನು ಇಲ್ಲಿಯವರೆಗೆ ಮನೆಯಲ್ಲಿ ನಿಮ್ಮ ಭಾವನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ನಾನು ಧಾರವಾಡದಲ್ಲಿ ಡಿಗ್ರಿ ಓದುವಾಗ ಒಂದು ಕಡೆಯವರು ನೋಡಲು ಬಂದಿದ್ದರು. ಅವಲಕ್ಕಿ ತಿಂದು, ಚಹಾ ಕುಡಿದು, ಹೋಗುವಾಗ ಹೊಸ್ತಿಲಲ್ಲಿ ನಿಂತು "ಹುಡುಗಿ ಸ್ವಲ್ಪ ಮೈ ಆತಲ್ರಿ" ಅಂದರು. ನಾಲ್ಕೇ ಶಬ್ದ. ಮರುದಿನದಿಂದ ಹಾಸ್ಟೆಲಿನಲ್ಲಿ ನನಗೆ ಸೋಮವಾರ ಉಪವಾಸ, ಗುರುವಾರ ಉಪವಾಸ, ಏಕಾದಶಿ, ಸಂಕಷ್ಟಿ. ನನ್ನ ಭಕ್ತಿ ಕಂಡು ಅವ್ವ ಹಿಗ್ಗಿದಳು. ನಡುವೆ ಒಂದು ರಾತ್ರಿ ಹಸಿವು ತಡೆಯದೆ ಕಂಡದ್ದನ್ನೆಲ್ಲ ತಿನ್ನುವುದು, ಆಮೇಲೆ ಹೆದರಿ ಅದನ್ನೆಲ್ಲ ಹೊರಗೆ ಹಾಕುವುದು. ಒಂದೂವರೆ ವರ್ಷ. ತೂಕ ಅಂಥದ್ದೇನೂ ಇಳಿಯಲಿಲ್ಲ, ಹಾಗಾಗಿ ಯಾರಿಗೂ ಸಂಶಯವೂ ಬರಲಿಲ್ಲ. ಕೊನೆಗೆ ಹಿಡಿದವರು ಒಬ್ಬ ಹಲ್ಲಿನ ವೈದ್ಯರು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಅಂತ ಹೋಗಿದ್ದೆ. ಸಣ್ಣ ಕನ್ನಡಿ ಹಿಡಿದು ಒಳಗಿನಿಂದ ನೋಡಿದರು. ಮುಂದಿನ ಹಲ್ಲುಗಳ ಹಿಂಬದಿ ಸವೆದಿದೆ, ಇದು ಹೊಟ್ಟೆಯ ಹುಳಿ ತಿಂದ ಸವೆತ ಅಂದರು. ನರ್ಸನ್ನು ಹೊರಗೆ ಕಳಿಸಿ, ಮೆಲ್ಲಗೆ "ಎಷ್ಟು ದಿನದಿಂದ, ಮಗಳೇ?" ಅಂದರು. ಆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಅತ್ತೆ. ಈಗ ನೆನೆದರೆ ನಗುವೂ ಬರುತ್ತದೆ.

ನೋಡು, ನಮ್ಮಲ್ಲಿ ಈ ಕಾಯಿಲೆಗೆ ಒಂದು ನೆಟ್ಟಗಿನ ಹೆಸರೂ ಇಲ್ಲ. ಪತ್ರಿಕೆಗಳು ಬರೆಯುವ 'ಆಹಾರ ಸೇವನೆಯ ಅಸ್ವಸ್ಥತೆ' ಅನ್ನುವ ಮಾತನ್ನು ಬ್ಯಾಡಗಿಯಲ್ಲಿ ಯಾರಾದರೂ ಬಾಯಿಬಿಟ್ಟು ಅಂದದ್ದನ್ನು ಕೇಳಿದ್ದೀಯಾ? ಇಲ್ಲಿ ಅದು 'ಗ್ಯಾಸ್', 'ಪಿತ್ತ', 'ದೃಷ್ಟಿ', 'ಹಟ', 'ಉಪವಾಸ'. ನಿನ್ನ ಅವ್ವ, ನಮ್ಮ ಚಿಗವ್ವನೂ ಫೋನಿನಲ್ಲಿ "ಅಕಿಗೆ ಹೊಟ್ಟಿ ಉಬ್ಬರ, ಏನೂ ಸೇರಂಗಿಲ್ಲ" ಅಂತಲೇ ಹೇಳುವುದು. ಅವಳದ್ದು ಸುಳ್ಳಲ್ಲ. ಹಾಂಗ್‌ಕಾಂಗಿನ ಸಿಂಗ್ ಲೀ ಎಂಬ ಮನೋವೈದ್ಯರು 1990ರ ದಶಕದಲ್ಲೇ ತೋರಿಸಿದ್ದರು: ನಮ್ಮ ಏಷ್ಯಾದ ಕಡೆ ಅನೇಕ ಹುಡುಗಿಯರು ದಪ್ಪಗಾಗುವ ಭಯವನ್ನು ಹೇಳುವುದೇ ಇಲ್ಲ, ಹೊಟ್ಟೆ ತುಂಬಿದೆ, ಹಸಿವಿಲ್ಲ ಅನ್ನುತ್ತಾರೆ, ಆದರೆ ಕಾಯಿಲೆ ಅದೇ. ಹೊರಗಿನವರು ಇದಕ್ಕೆ ಹೆಸರಿಟ್ಟು ಎಷ್ಟು ಕಾಲವಾಯಿತು! ಉಣ್ಣುವುದನ್ನೇ ಬಿಡುವ ಅನೊರೆಕ್ಸಿಯಾವನ್ನು ವೈದ್ಯರು ವಿವರಿಸಿದ್ದು 1873ರ ಸುಮಾರಿಗೆ. ತಿಂದು ಹೊರಹಾಕುವ ಬುಲಿಮಿಯಾವನ್ನು 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಬರೆದರು. ನಿನ್ನ ಗೆಣ್ಣಿನ ಮೇಲಿರುವ ಗುರುತಿಗೆ ವೈದ್ಯರು ಅವರ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ಹೆದರಿಸುವ ಮಾತು. ಹೇಳದೆ ಬಿಟ್ಟರೆ ನಾನು ಅಕ್ಕನಲ್ಲ. ಮನಸ್ಸಿನ ಕಾಯಿಲೆಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವಂಥವುಗಳಲ್ಲಿ ಅನೊರೆಕ್ಸಿಯಾ ಒಂದು. ಹೊಟ್ಟೆಗಿಲ್ಲದ ಮೈ ಮೊದಲು ಕೊಬ್ಬು ಕರಗಿಸುತ್ತದೆ, ಆಮೇಲೆ ಮಾಂಸಖಂಡಕ್ಕೆ ಕೈ ಹಾಕುತ್ತದೆ. ಹೃದಯವೂ ಮಾಂಸಖಂಡವೇ ಅಲ್ಲವೇ? ಅದು ಸಣ್ಣಗಾಗುತ್ತದೆ, ನಾಡಿ ನಿಧಾನವಾಗುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ಮೋಟೆಬೆನ್ನೂರಿನ ಬಿಸಿಲಲ್ಲಿ ಮದುವೆ ಚಪ್ಪರದಡಿ ನೀನು ಶಾಲು ಹೊದ್ದು ಕೂತಿದ್ದೆಯಲ್ಲ, ಆ ಚಳಿ ಅದರದ್ದೇ. ಮುಟ್ಟು ನಿಲ್ಲುತ್ತದೆ, ಅದರ ಜೊತೆ ಮೂಳೆ ಸವೆಯುತ್ತದೆ. ಇಪ್ಪತ್ತರಲ್ಲಿ ಗಟ್ಟಿಯಾಗಬೇಕಾದ ಮೂಳೆ ಆಮೇಲೆ ಪೂರ್ತಿ ಗಟ್ಟಿಯಾಗುತ್ತದೆ ಅನ್ನುವ ಭರವಸೆ ಇಲ್ಲ. (ನಿನ್ನದು ನಿಂತು ಎಷ್ಟು ತಿಂಗಳಾಯಿತು? ನನಗೊಬ್ಬಳಿಗೆ ಹೇಳು.) ತಿಂದದ್ದನ್ನು ಹೊರಹಾಕಿದಾಗಲೆಲ್ಲ ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಅದು ಬಹಳ ಇಳಿದರೆ ಹೃದಯ ತಾಳ ತಪ್ಪಿ, ಮುನ್ಸೂಚನೆಯೇ ಇಲ್ಲದೆ ನಿಂತುಬಿಡಬಹುದು. ಇದು ಒಣಕಲಾದವರಿಗೆ ಮಾತ್ರ ಆಗುವುದಲ್ಲ, ನೋಡಲು ದುಂಡಗಿರುವವರಿಗೂ ಆಗುತ್ತದೆ. ಒಂದು ದಿನದ ರಿಪೋರ್ಟ್ ನಾರ್ಮಲ್ ಬಂದರೂ ಅಪಾಯ ಕಳೆಯಿತು ಅಂತಲ್ಲ.

2025ರ ಮಾರ್ಚ್‌ನಲ್ಲಿ, ನಮ್ಮ ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಕಾಲೇಜಿನ ಮೊದಲ ವರ್ಷ. ಯೂಟ್ಯೂಬ್ ನೋಡಿ ತೂಕ ಇಳಿಸಲು ಹೊರಟವಳು ತಿಂಗಳುಗಟ್ಟಲೆ ಹೆಚ್ಚುಕಡಿಮೆ ನೀರಲ್ಲೇ ಇದ್ದಳಂತೆ, ಮನೆಯವರು ಕೊಟ್ಟ ಊಟವನ್ನು ಬಚ್ಚಿಡುತ್ತಿದ್ದಳಂತೆ. ಆ ಸುದ್ದಿ ಓದಿದ ದಿನ ನಾನು ಪೇಪರ್ ಮಡಚಿ ಪಕ್ಕಕ್ಕಿಟ್ಟಿದ್ದೆ. ಮೋಟೆಬೆನ್ನೂರಿನಿಂದ ಬಂದ ರಾತ್ರಿ ಅದೇ ಸುದ್ದಿ ಎದೆಯ ಮೇಲೆ ಕೂತಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಹೋದ 21 ವರ್ಷದ ಕಿರುತೆರೆ ನಟಿ ಮನೆಗೆ ಮರಳಲಿಲ್ಲವಲ್ಲ, ಅದು ಬೇರೆ ಸಂಗತಿಯೇ. ಆದರೆ ಅವಳನ್ನು ಅಲ್ಲಿಗೆ ನಡೆಸಿದ ಮಾತುಗಳು ಎಂಥವಿರಬಹುದು ಅಂತ ಊಹಿಸಲು ನನಗೇನೂ ಕಷ್ಟವಿಲ್ಲ. ಅಂಥ ಮಾತೊಂದನ್ನು ನಾನೇ ಹುಟ್ಟಿಸಿದ್ದೇನೆ.

ನೀನು ಅಂದುಕೊಳ್ಳುತ್ತಿರಬಹುದು, ನನಗೆ ಬುದ್ಧಿ ಕೆಟ್ಟಿದೆ, ಹೊತ್ತೆಲ್ಲ ಊಟದ್ದೇ ಯೋಚನೆ ಅಂತ. ಕೆಟ್ಟಿಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ, ಯುದ್ಧಕ್ಕೆ ಹೋಗಲು ಒಪ್ಪದ 36 ಗಟ್ಟಿಮುಟ್ಟಾದ ಹುಡುಗರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷೆ ಮಾಡಿದರು. ಏನಾಯಿತು ಗೊತ್ತೇ? ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆ ನೆಕ್ಕಿದರು, ಒಂದು ಊಟವನ್ನು ತಾಸುಗಟ್ಟಲೆ ಎಳೆದರು, ಕನಸಲ್ಲೂ ಊಟ. ಸಿಟ್ಟು, ಮಂಕು, ಯಾರ ಜೊತೆಗೂ ಮಾತು ಬೇಡ. ಮೊದಲು ಇದಾವುದೂ ಅವರಲ್ಲಿ ಇರಲಿಲ್ಲ. ಹಸಿವು ತಲೆಯನ್ನೇ ಹಾಗೆ ಮಾಡಿಬಿಡುತ್ತದೆ. ನೀನು ಹಾಸ್ಟೆಲಿನಲ್ಲಿ ಕೂತು ರಾತ್ರಿಯೆಲ್ಲ ಅಡುಗೆ ವಿಡಿಯೊ ನೋಡುವುದು, ಗೆಳತಿಯರಿಗೆ ಮಾಡಿ ಬಡಿಸುವುದು, ನೀನು ಮಾತ್ರ ತಿನ್ನದಿರುವುದು, ಇದೆಲ್ಲ ನಿನ್ನ ಸ್ವಭಾವ ಅಲ್ಲ, ಹಸಿವಿನ ಚಾಳಿ.

ಅಂದಹಾಗೆ ಅನ್ನ ತಿಂದರೆ ಊದುತ್ತೇವೆ, ರಾಗಿಯೇ ಶ್ರೇಷ್ಠ ಅಂತ ಮದುವೆಯಲ್ಲಿ ನನಗೇ ಪಾಠ ಹೇಳಿದೆಯಲ್ಲ. ಅಕ್ಕಿ ರಾಗಿಗಳ ಜಗಳವನ್ನು ನಮ್ಮ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಎಂದೋ ಬರೆದು ಮುಗಿಸಿದ್ದಾರೆ. ಅವರ ಜಗಳ ಬಡವರ ಧಾನ್ಯದ ಮರ್ಯಾದೆಗಾಗಿ. ನಿನ್ನ ಮೊಬೈಲಿನ ಡಯಟ್ ಪಂಡಿತರ ಜಗಳ ಸೊಂಟದ ಅಳತೆಗಾಗಿ. ಈ ಕಾಯಿಲೆ ಹುಡುಗಿಯರಿಗಷ್ಟೇ ಬರುತ್ತದೆ ಅಂತಲೂ ತಿಳಿಯಬೇಡ. ರಾಣೆಬೆನ್ನೂರಿನ ನಮ್ಮ ಅಣ್ಣನ ಮಗ ಜಿಮ್ಮಿಗೆ ಹೋಗಿ ಬಂದು ಅವ್ವ ತಟ್ಟಿದ ರೊಟ್ಟಿಯನ್ನು ತಕ್ಕಡಿಯಲ್ಲಿ ತೂಗುತ್ತಾನೆ. ಅವನ ಮೇಲೂ ಒಂದು ಕಣ್ಣಿಟ್ಟಿದ್ದೇನೆ.

ಚಿಗವ್ವನಿಗೆ ವಿಷಯ ತಿಳಿದರೆ ಏನು ಮಾಡುತ್ತಾಳೆ ಹೇಳಲೇ? ಜೋಳದ ರೊಟ್ಟಿ, ಬೆಣ್ಣೆ, ಶೇಂಗಾ ಹೋಳಿಗೆ, ತುಪ್ಪ, ಎಲ್ಲವನ್ನೂ ಒಂದೇ ದಿನ ಬಾಯಿಗೆ ತುರುಕುತ್ತಾಳೆ. ಪ್ರೀತಿಯೇ ಸರಿ, ಆದರೆ ಅದರಲ್ಲೂ ಅಪಾಯವಿದೆ. ಬಹಳ ದಿನ ಬರಿಹೊಟ್ಟೆಯಲ್ಲಿದ್ದವರು ಒಮ್ಮೆಲೇ ಉಂಡರೆ ರಕ್ತದ ಫಾಸ್ಫೇಟ್ ದಿಢೀರನೆ ಇಳಿದು ಹೃದಯಕ್ಕೇ ಕುತ್ತು ಬರಬಹುದು. ಎರಡನೇ ಮಹಾಯುದ್ಧದ ಸೆರೆಯಾಳುಗಳು ಬಿಡುಗಡೆಯಾಗಿ ಹೊಟ್ಟೆತುಂಬ ಉಂಡ ಮೇಲೆ ಹೀಗೆ ಸತ್ತಾಗ ವೈದ್ಯರಿಗೆ ಇದು ಗೊತ್ತಾಯಿತು. ಅದಕ್ಕೇ ಮೊದಲು ವೈದ್ಯರು, ರಕ್ತ ಪರೀಕ್ಷೆ, ಇಸಿಜಿ. ಆಮೇಲೆ ಚಿಗವ್ವನ ತುಪ್ಪ. ಈ ನಡುವೆ ನೀನು ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ, ವಾಂತಿಯಲ್ಲಿ ರಕ್ತ ಕಂಡರೆ, ನನ್ನ ದಾರಿ ಕಾಯಬೇಡ. ಅದೇ ಗಳಿಗೆಯಲ್ಲಿ ಗೆಳತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗು.

ಧಾರವಾಡದಲ್ಲೇ ಇದ್ದೀಯಲ್ಲ, ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ನಿನ್ನ ಹಾಸ್ಟೆಲಿಗೆ ಹತ್ತಿರ. ಹುಬ್ಬು ಗಂಟಿಕ್ಕಬೇಡ! ನಮ್ಮ ಕಡೆ ಯಾರಾದರೂ ತಿಕ್ಕಲಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅನ್ನುತ್ತೇವಲ್ಲ, ಆ ನಗೆಮಾತಿನ ಮೂಲ ಅದೇ ಆಸ್ಪತ್ರೆ, 1845ರಷ್ಟು ಹಳೆಯದು. ಆ ನಗೆಮಾತಿಗೆ ಹೆದರಿ ಎಷ್ಟು ಮನೆಯವರು ಬಾಗಿಲು ಹಾಕಿಕೊಂಡು ಕೂತರೋ. ನನ್ನ ಕಾಲದಲ್ಲಿ ನಾನೂ ಹೆದರಿದೆ. ಗೇಟಿನವರೆಗೆ ಎರಡು ಸಲ ಹೋಗಿ ವಾಪಸು ಬಂದೆ, ಮೂರನೇ ಸಲ ಒಳಗೆ ಹೋದೆ. ಬಾಯಿಬಿಟ್ಟು ಹೇಳಲು ಕಷ್ಟವಾದರೆ ಇವತ್ತು ರಾತ್ರಿಯೇ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರುಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ.

ವಾಸಿಯಾಗುತ್ತದೆಯೇ ಅಂತ ಕೇಳಿದರೆ, ನಾನೇ ಇದ್ದೇನಲ್ಲ. ಒಂದೇ ದಿನಕ್ಕೆ ಆಗುವುದಲ್ಲ, ನನಗೆ ಎರಡು ವರ್ಷ ಹಿಡಿಯಿತು, ನಡುವೆ ಜಾರಿದ್ದೂ ಉಂಟು. ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆಯವರು 1980ರ ದಶಕದಲ್ಲಿ ಒಂದು ಚಿಕಿತ್ಸೆ ರೂಪಿಸಿದರು. ಚಿಕ್ಕ ವಯಸ್ಸಿನವರಿಗೆ ಬಹಳ ಉಪಯೋಗವಾಗಿದೆ. ಅದರಲ್ಲಿ ಮನೆಯವರೇ ಪಕ್ಕದಲ್ಲಿ ಕೂತು, ಬೈಯದೆ, ದೂರದೆ, ಊಟ ಮುಗಿಯುವವರೆಗೆ ಏಳದೆ ಜೊತೆಗಿರುತ್ತಾರೆ. ಓದಿದಾಗ ನನಗೆ ನಗು ಬಂತು. ಪಂಕ್ತಿಯಲ್ಲಿ ಎಲ್ಲರೂ ಏಳುವವರೆಗೆ ಏಳಬಾರದು ಅಂತ ನಮ್ಮ ಅಜ್ಜಿ ಮೊಣಕಾಲು ಒತ್ತಿ ಕೂರಿಸುತ್ತಿದ್ದಳಲ್ಲ! ಮೋಟೆಬೆನ್ನೂರಿನಲ್ಲಿ ನಿನ್ನ ಮೊಣಕಾಲು ನಾನು ಒತ್ತಬೇಕಿತ್ತು.

ಮನೆಯಲ್ಲಿ ಇನ್ನು ಮುಂದೆ ಯಾರ ಮೈಯ ಬಗ್ಗೆಯೂ ಮಾತಿಲ್ಲ ಅಂತ ಹೇಳಿಬಿಟ್ಟಿದ್ದೇನೆ. 'ಸೊರಗೀಯಲ್ಲ' ಅನ್ನುವಂತಿಲ್ಲ, 'ತುಂಬಿಕೊಂಡೀಯಲ್ಲ' ಅನ್ನುವಂತಿಲ್ಲ. "ಹಂಗಾದ್ರ ಮದುವಿ ಮನ್ಯಾಗ ಏನ್ ಮಾತಾಡೋದು?" ಅಂತ ನಿಮ್ಮ ಭಾವ ಕೇಳಿದರು. ಮೆಣಸಿನಕಾಯಿ ದರ ಮಾತಾಡಿ ಅಂದೆ. ಆ ಹೆಸರನ್ನೂ ಇವತ್ತಿಗೆ ಬಿಟ್ಟೆ. ಕ್ಷಮಿಸು ಅಂತ ಕಾಗದದಲ್ಲಿ ಬರೆಯಲು ಕೈ ಬರುವುದಿಲ್ಲ, ಎದುರಿಗೆ ಹೇಳುತ್ತೇನೆ.

ಗುರುವಾರದ ಮಾರ್ಕೆಟ್ ಮುಗಿಸಿ ಶುಕ್ರವಾರ ಬೆಳಗಿನ ರೈಲಿಗೆ ಬರುತ್ತೇನೆ. ರಂಜಕದ ಡಬ್ಬ, ಬುತ್ತಿ ಏನೂ ತರುವುದಿಲ್ಲ, ತಿನ್ನು ಅಂತ ಒತ್ತಾಯವನ್ನೂ ಮಾಡುವುದಿಲ್ಲ. ಚಿಗವ್ವನಿಗೆ ಯಾವಾಗ ಹೇಳಬೇಕು ಅನ್ನುವುದನ್ನು ಇಬ್ಬರೂ ಕೂತು ನಿಶ್ಚಯಿಸೋಣ. ಹಾಸ್ಟೆಲ್ ಗೇಟಿಗೆ ಬಂದು ಫೋನ್ ಮಾಡುತ್ತೇನೆ, ಎತ್ತು.

ನಿನ್ನ,
ಅಕ್ಕ