ತಗ್ಗು ಮಾಳಿಗೆಯಡಿ ಜೀಪಿನ ಇಂಜಿನ್

ಹಳ್ಳಿಖೇಡ (ಬಿ)ಯ ಹಳೆಯ ಮನೆಗಳ ಮಾಳಿಗೆಗಳು ತಗ್ಗು. ದನ ಕಟ್ಟುತ್ತಿದ್ದ ಕೋಣೆಯಲ್ಲಿ ನಿಂತಿದ್ದ ನಮ್ಮ ಜೀಪಿನ ಇಂಜಿನ್ ಇಳಿಸಬೇಕಾದಾಗ, ತೊಲೆಗೇ ಚೈನ್ ಪುಲ್ಲಿ ಕಟ್ಟೋಣವೆಂದು ನೆರೆಯವರು ಸೂಚಿಸಿದರು. ಮೆಕ್ಯಾನಿಕ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿ ಒಪ್ಪಲಿಲ್ಲ. "ಬ್ಯಾಡ್ರಿ ಸರ್, ತೊಲಿ ಮ್ಯಾಲ ಮೊದಲೇ ಮಣ್ಣಿನ ಭಾರ ಅದ. ಮತ್ತ ಎರಡು ಕ್ವಿಂಟಲ್ ಯಾಕ?" ಎಂದ. ತೊಲೆಯ ಒಳಗನ್ನು ಗೆದ್ದಲು ತಿಂದಿದ್ದರೂ ಹೊರಗೆ ಕಾಣದು. ಕೆಳಗೆ ನಿಲ್ಲುವವರು ನಮ್ಮ ಮಕ್ಕಳೇ.

ಲೆಕ್ಕವೂ ಅವನ ಪರವಾಗಿತ್ತು. ತೊಲೆಯ ಎತ್ತರ 7 ಅಡಿ. ಮುಂಜಾಲರಿ ದಾಟಲು 3, ಇಂಜಿನ್ನಿಗೆ ಎರಡೂವರೆ, ಪುಲ್ಲಿ-ಸರಪಳಿಗೆ 2. ಅರ್ಧ ಅಡಿ ಸಾಲದು.

ಅವನು ಬ್ಯಾಟರಿ ತಂತಿ ಬಿಚ್ಚಿ, ನೀರು, ಎಣ್ಣೆ ಬಸಿದು, ರೇಡಿಯೇಟರನ್ನೂ ಜಾಲರಿಯನ್ನೂ ಕಳಚಿದ. ಈಗ ದಾಟಬೇಕಾದುದು 2 ಅಡಿ ಮಾತ್ರ. ಗೇರ್‌ಬಾಕ್ಸನ್ನು ಚಾಸಿಗೆ ಬಿಗಿದು, ಇಂಜಿನ್ನಿನ ಬೋಲ್ಟುಗಳನ್ನು ತೆಗೆದ. ನೆಲದ ಮೇಲೆ ನಿಲ್ಲಿಸಿದ ಕಬ್ಬಿಣದ ಚೌಕಟ್ಟಿಗೆ ಪುಲ್ಲಿ ಹಾಕಿ, ಇಂಜಿನ್ನನ್ನು ಗೇಣುದ್ದ ಎತ್ತಿ, ಜೀಪನ್ನೇ ಹಿಂದಕ್ಕೆ ತಳ್ಳಿಸಿದ! ತೂಗುವ ಇಂಜಿನ್ನಿನ ಕೆಳಗೆ ಯಾರ ಕೈಯೂ ಹೋಗಗೊಡಲಿಲ್ಲ.

ಎಲ್ಲಿ ಕಲಿತೆಯೆಂದು ಕೇಳಿದೆ. ನಮ್ಮೂರ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ ಟ್ರ್ಯಾಕ್ಟರುಗಳ ದುರಸ್ತಿಯಲ್ಲಂತೆ. ಟ್ರ್ಯಾಕ್ಟರಿಗೆ ಬೇರೆ ಚಾಸಿಯಿಲ್ಲ. ಇಂಜಿನ್ನೂ ಗೇರ್‌ಬಾಕ್ಸೂ ಕೂಡಿಯೇ ಅದರ ಬೆನ್ನೆಲುಬು. ನಡುವೆ ಬಿಚ್ಚಿ, ಎರಡೂ ಭಾಗಗಳಿಗೆ ಆಸರೆ ಕೊಟ್ಟು, ಒಂದನ್ನು ಉರುಳಿಸಿ ದೂರ ಸರಿಸುತ್ತಾರೆ.